ಹಣಕಾಸಿನ ಓದು ಹರಾಮೇ? ಪದವಿ ಆಯ್ಕೆಗೆ ಮುನ್ನ ಒಂದು ವಿಚಾರ

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ನಂತರದ ಜುಮಾ ದಿನ. ನಮಾಝ್ ಮುಗಿದು ಜನರೆಲ್ಲ ಹೊರಟ ಮೇಲೆ ಪಾಂಡವಪುರದ ಒಬ್ಬ ಸಹೋದರರು ಮಸೀದಿಯ ಹಜಾರದಲ್ಲಿ ನನಗಾಗಿ ಕಾಯುತ್ತಿದ್ದರು. ಅವರದು ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು. ವಾಣಿಜ್ಯ ವಿಭಾಗದಲ್ಲಿ ಓದಿದ ಅವರ ಮಗಳಿಗೆ ಲೆಕ್ಕಶಾಸ್ತ್ರದಲ್ಲಿ ತರಗತಿಗೇ ಹೆಚ್ಚು ಅಂಕ ಬಂದಿತ್ತು. ಆಕೆಗೆ ಬಿ.ಕಾಂ. ಸೇರುವ ಆಸೆ. ಆದರೆ ಮನೆಯಲ್ಲಿ ಹಿರಿಯ ದೊಡ್ಡಪ್ಪನವರು ಒಪ್ಪುತ್ತಿಲ್ಲ. “ಬಿ.ಕಾಂ. ಓದಿದರೆ ಬ್ಯಾಂಕು, ಬ್ಯಾಂಕೆಂದರೆ ಬಡ್ಡಿ. ಬಿ.ಎ. ಮಾಡಿಸಿ, ಆಮೇಲೆ ಬಿ.ಎಡ್. ಮಾಡಲಿ” ಎಂಬುದು ಅವರ ತೀರ್ಮಾನ. “ಹಜರತ್, ನೀವು ಹೇಳಿದಂತೆ ಮಾಡುತ್ತೇನೆ. ನನಗೆ ಖಿಯಾಮತ್‌ನ ದಿನ ಉತ್ತರ ಕೊಡುವ ಭಯವೂ ಇದೆ, ಮಗಳ ಮುಖ ನೋಡುವ ಸಂಕಟವೂ ಇದೆ” ಎಂದರು ಆ ತಂದೆ.

ನಾನು ತಕ್ಷಣ ಉತ್ತರಿಸಲಿಲ್ಲ. ಅದಕ್ಕೆ ಕಾರಣವಿತ್ತು. ಹಲವು ವರ್ಷಗಳ ಹಿಂದೆ ನನ್ನ ಮಕ್ತಬ್‌ನಲ್ಲಿ ಕಲಿತ ಒಬ್ಬ ಹುಡುಗ ಇದೇ ಪ್ರಶ್ನೆಯನ್ನು ಕೇಳಿದ್ದ. ಆಗ ನಾನು ಹೆಚ್ಚು ಯೋಚಿಸದೆ, “ಆ ದಾರಿ ಬೇಡಪ್ಪ, ಬಡ್ಡಿಯ ವಾಸನೆಯೂ ತಗಲಬಾರದು” ಎಂದು ಹೇಳಿ ಕಳುಹಿಸಿದ್ದೆ. ಬಿ.ಕಾಂ. ಪದವಿಯಲ್ಲಿ ಏನನ್ನು ಕಲಿಸುತ್ತಾರೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ನಾನು ಮದ್ರಸದಲ್ಲಿ ಓದಿ, ನಂತರ ಕನ್ನಡದಲ್ಲಿ ಬಿ.ಎ. ಮಾಡಿದವನು. ತಿಳಿಯದ ವಿಷಯದಲ್ಲಿ ತೀರ್ಪು ಕೊಟ್ಟೆ. ಆ ಹುಡುಗ ಕಾಲೇಜಿನ ಆಸೆಯನ್ನೇ ಬಿಟ್ಟ. ಇಂದು ಆತನಿಗೆ ಒಂದು ಹಾರ್ಡ್‌ವೇರ್ ಅಂಗಡಿ ಇದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಬೇರೊಬ್ಬರಿಗೆ ಹಣ ಕೊಟ್ಟು ಅವರ ಮುಂದೆ ಕೈಕಟ್ಟಿ ಕೂರುತ್ತಾನೆ. ತಾನು ಕಲಿಯಬೇಕೆಂದಿದ್ದ ವಿದ್ಯೆಯನ್ನು ತಾನೇ ಬಾಡಿಗೆಗೆ ಪಡೆಯುತ್ತಿದ್ದಾನೆ. ಆತ ಒಂದು ದಿನವೂ ನನ್ನನ್ನು ದೂರಲಿಲ್ಲ. ಅದೇ ನನಗೆ ಹೆಚ್ಚು ಭಾರವಾಗಿದೆ. ಈ ಲೇಖನ ಆತನಿಗೆ ಅಂದು ಕೊಡಬೇಕಿದ್ದ ಉತ್ತರ.

ಎರಡು ಆಜ್ಞೆಗಳು, ಅಕ್ಕಪಕ್ಕದಲ್ಲಿ

ಬಡ್ಡಿಯು ಹರಾಮ್ ಎಂಬ ವಿಷಯದಲ್ಲಿ ನಮಗೆ ಯಾವ ಸಂಶಯವೂ ಇಲ್ಲ, ಇರಲೂಬಾರದು. ಅಲ್ಲಾಹನು ವ್ಯಾಪಾರವನ್ನು ಸಮ್ಮತಗೊಳಿಸಿ ಬಡ್ಡಿಯನ್ನು ನಿಷೇಧಿಸಿರುವುದಾಗಿ ಸೂರಃ ಅಲ್ ಬಕರದ 275ನೇ ಸೂಕ್ತವು ಸ್ಪಷ್ಟಪಡಿಸುತ್ತದೆ. ಬಡ್ಡಿಯನ್ನು ತಿನ್ನುವವನ ಮೇಲೆ ಮಾತ್ರವಲ್ಲ, ಕೊಡುವವನು, ಅದನ್ನು ಬರೆಯುವವನು ಮತ್ತು ಅದಕ್ಕೆ ಸಾಕ್ಷಿಯಾಗುವವರ ಮೇಲೂ ಪ್ರವಾದಿ(ಸ)ರವರು ಶಾಪ ಹಾಕಿರುವುದಾಗಿ ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ದೊಡ್ಡಪ್ಪನವರ ಭಯಕ್ಕೆ ಮೂಲ ಈ ಹದೀಸ್. ಆ ಭಯವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ.

ಆದರೆ ನಾವು ಆ ಪುಟವನ್ನು ಅಲ್ಲಿಗೇ ಮುಚ್ಚಿಬಿಡುತ್ತೇವೆ. ಬಡ್ಡಿಯ ಕುರಿತ ಸೂಕ್ತಗಳು ಮುಗಿದ ಕೂಡಲೇ 282ನೇ ಸೂಕ್ತ ಬರುತ್ತದೆ. ಅದು ಇಡೀ ಕುರ್‌ಆನ್‌ನಲ್ಲೇ ಅತ್ಯಂತ ದೀರ್ಘವಾದ ಸೂಕ್ತ. ಅದರ ವಿಷಯವೇ ಲೆಕ್ಕ ಬರೆಯುವುದು! ಅವಧಿ ಗೊತ್ತುಪಡಿಸಿದ ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಅಲ್ಲಾಹನು ಬರಹವನ್ನು ಕಲಿಸಿದ ಮೇಲೆ ಬರೆಯಲು ನಿರಾಕರಿಸಬಾರದು, ಮೊತ್ತವು ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು, ಬರೆಯುವವನಿಗೂ ಸಾಕ್ಷಿಗೂ ಹಾನಿಯಾಗಬಾರದು ಎಂಬುದು ಅದರ ಸಾರಾಂಶ. ಅಂದರೆ ಬಡ್ಡಿಯನ್ನು ಬರೆಯುವ ಕೈಯನ್ನು ಖಂಡಿಸಿದ ಧರ್ಮವೇ, ನ್ಯಾಯದ ಲೆಕ್ಕವನ್ನು ಬರೆಯುವ ಕೈಯನ್ನು ಸಮಾಜದಲ್ಲಿ ಇರಿಸಿಕೊಳ್ಳಲು ಆಜ್ಞಾಪಿಸಿದೆ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಹೇಳದಿದ್ದರೆ ನಾವು ದೀನ್‌ನ ಅರ್ಧವನ್ನಷ್ಟೇ ಹೇಳಿದಂತೆ.

ಇನ್ನು ಪ್ರವಾದಿ ಯೂಸುಫ್(ಅ)ರವರ ವೃತ್ತಾಂತವನ್ನು ನೋಡಿ. ಈಜಿಪ್ಟಿನ ಅರಸನ ಮುಂದೆ ನಿಂತಾಗ ಅವರು ಕೇಳಿಕೊಂಡದ್ದು ನಾಡಿನ ಭಂಡಾರಗಳ ಹೊಣೆಯನ್ನು. ತಮ್ಮ ಅರ್ಹತೆಗಳೆಂದು ಅವರು ಹೇಳಿದ್ದು ಎರಡನ್ನು: ತಾವು ಜೋಪಾನ ಮಾಡಬಲ್ಲವರು ಮತ್ತು ಅರಿವುಳ್ಳವರು (12:55). ನಂಬಿಕಸ್ಥಿಕೆ ಒಂದು, ವಿಷಯಜ್ಞಾನ ಇನ್ನೊಂದು. ಅರಸನು ಅವರ ಧರ್ಮದವನಾಗಿರಲಿಲ್ಲ, ಆಡಳಿತವೂ ಅವರದ್ದಾಗಿರಲಿಲ್ಲ. ಆದರೂ ಏಳು ವರ್ಷಗಳ ಸಮೃದ್ಧಿಯಲ್ಲಿ ಉಳಿಸಿ ಏಳು ವರ್ಷಗಳ ಬರವನ್ನು ಎದುರಿಸುವ ಲೆಕ್ಕಾಚಾರವು ಜನರ ಪ್ರಾಣವನ್ನು ಉಳಿಸಿತು. ನಮ್ಮ ಸಮುದಾಯದಲ್ಲಿ ಮೊದಲನೆಯ ಅರ್ಹತೆಯ ಬಗ್ಗೆ ಬಹಳಷ್ಟು ಪ್ರವಚನಗಳಾಗುತ್ತವೆ. ಎರಡನೆಯದರ ಬಗ್ಗೆ ಮೌನವಿದೆ.

ಮದ್ರಸದ ವಿದ್ಯಾರ್ಥಿಗೆ ಈ ವಿದ್ಯೆ ಹೊಸದೂ ಅಲ್ಲ. ವಾರಸು ಹಂಚಿಕೆಯ ಶಾಸ್ತ್ರವಾದ ಇಲ್ಮುಲ್ ಫರಾಇಝ್ ಎಂದರೆ ಭಿನ್ನರಾಶಿಗಳ ಶಾಸ್ತ್ರವೇ. ಒಬ್ಬ ವ್ಯಕ್ತಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಂದೆ ಮತ್ತು ತಾಯಿಯನ್ನು ಬಿಟ್ಟು ತೀರಿಕೊಂಡರೆ ಹೆಂಡತಿಗೆ ಎಂಟರಲ್ಲಿ ಒಂದು, ಹೆಣ್ಣುಮಕ್ಕಳಿಬ್ಬರಿಗೆ ಸೇರಿ ಮೂರರಲ್ಲಿ ಎರಡು, ತಂದೆಗೂ ತಾಯಿಗೂ ತಲಾ ಆರರಲ್ಲಿ ಒಂದು ಪಾಲು ನಿಗದಿಯಾಗಿದೆ. ಇಪ್ಪತ್ತನಾಲ್ಕನ್ನು ಆಧಾರವಾಗಿಟ್ಟರೆ ಕ್ರಮವಾಗಿ 3, 16, 4 ಮತ್ತು 4. ಕೂಡಿದರೆ 27 ಆಗುತ್ತದೆ! ಇರುವ ಆಸ್ತಿಗಿಂತ ಪಾಲುಗಳೇ ಹೆಚ್ಚಾದವು. ಆಗ ಆಧಾರವನ್ನೇ 27ಕ್ಕೆ ಏರಿಸಿ ಎಲ್ಲರ ಪಾಲನ್ನೂ ಸಮಪ್ರಮಾಣದಲ್ಲಿ ತಗ್ಗಿಸುತ್ತಾರೆ. 27 ಲಕ್ಷದ ಆಸ್ತಿಯಿದ್ದರೆ ಹೆಂಡತಿಗೆ 3 ಲಕ್ಷ, ಹೆಣ್ಣುಮಕ್ಕಳಿಗೆ ತಲಾ 8 ಲಕ್ಷ, ತಂದೆತಾಯಿಗೆ ತಲಾ 4 ಲಕ್ಷ. ಹಝ್ರತ್ ಅಲೀ(ರ)ರವರು ಮಿಂಬರ್‌ನ ಮೇಲಿದ್ದಾಗಲೇ ಈ ಪ್ರಶ್ನೆಗೆ ಉತ್ತರಿಸಿ, ಹೆಂಡತಿಯ ಎಂಟನೇ ಒಂದು ಭಾಗವು ಒಂಬತ್ತನೇ ಒಂದು ಆಯಿತೆಂದು ಹೇಳಿದ್ದರಿಂದ ಇದಕ್ಕೆ ‘ಮಿಂಬರಿಯ್ಯಾ’ ಎಂಬ ಹೆಸರೇ ಉಳಿದಿದೆ. ಅಲ್ ಖ್ವಾರಿಝ್ಮಿಯು ಬೀಜಗಣಿತದ ತನ್ನ ಗ್ರಂಥವನ್ನು ಬರೆಯುವಾಗಲೂ ವಾರಸು ಹಂಚಿಕೆ ಮತ್ತು ವ್ಯಾಪಾರಗಳ ಅಗತ್ಯವನ್ನು ಕಣ್ಣಮುಂದೆ ಇಟ್ಟುಕೊಂಡಿದ್ದನು. ಇಂತಹ ಪರಂಪರೆಯವರಾದ ನಾವು ಇಂದು ಮಕ್ಕಳಿಗೆ ಲೆಕ್ಕದ ಓದು ಬೇಡವೆನ್ನುತ್ತಿದ್ದೇವೆ.

ನಮ್ಮ ಮಣ್ಣಿನಲ್ಲೇ ಇರುವ ಪಾಠ

ನಾನು ಪಾಠ ಮಾಡುವ ಶ್ರೀರಂಗಪಟ್ಟಣದ ಕೋಟೆಯೊಳಗೆ ಒಬ್ಬ ಲೆಕ್ಕಿಗರ ಕಥೆ ಇದೆ. ಪೂರ್ಣಯ್ಯನವರು ತಮ್ಮ ಬದುಕನ್ನು ಆರಂಭಿಸಿದ್ದು ವರ್ತಕರೊಬ್ಬರಲ್ಲಿ ಲೆಕ್ಕ ಬರೆಯುವ ಕೆಲಸದಿಂದ. ಆ ಲೆಕ್ಕದ ಚುರುಕು ಹೈದರಲಿಯ ಕಣ್ಣಿಗೆ ಬಿತ್ತು. ಮುಂದೆ ಅವರು ಹೈದರಲಿ ಮತ್ತು ಟಿಪ್ಪು ಸುಲ್ತಾನರ ಆಳ್ವಿಕೆಯಲ್ಲಿ ಹಣಕಾಸಿನ ಹೊಣೆ ಹೊತ್ತರು, 1799ರ ನಂತರ ಮೈಸೂರಿನ ದಿವಾನರಾಗಿ 1811ರವರೆಗೆ ಆಡಳಿತ ನಡೆಸಿದರು. ಸುಲ್ತಾನರು ತಮ್ಮ ಬೊಕ್ಕಸವನ್ನು ಅವರಿಗೆ ಒಪ್ಪಿಸುವಾಗ ಜಾತಿಧರ್ಮವನ್ನು ಕೇಳಲಿಲ್ಲ, ಯೋಗ್ಯತೆಯನ್ನು ಕೇಳಿದರು.

ಟಿಪ್ಪು ಸುಲ್ತಾನರು ವ್ಯಾಪಾರಕ್ಕಾಗಿಯೇ ಪ್ರತ್ಯೇಕ ಇಲಾಖೆಯನ್ನು ರಚಿಸಿ, ಮಸ್ಕತ್ ಮತ್ತು ಕಚ್‌ನಂತಹ ಕಡೆ ವ್ಯಾಪಾರ ಕೋಠಿಗಳನ್ನು ತೆರೆದಿದ್ದರು. ಪ್ರಜೆಗಳು ಸರ್ಕಾರದ ವ್ಯಾಪಾರದಲ್ಲಿ ಹಣ ತೊಡಗಿಸಿ ಲಾಭದ ಪಾಲು ಪಡೆಯುವ ವ್ಯವಸ್ಥೆಯೂ ಅವರ ವಾಣಿಜ್ಯ ನಿಯಮಗಳಲ್ಲಿತ್ತು. ಅದರಲ್ಲಿ ಸಣ್ಣ ಮೊತ್ತ ತೊಡಗಿಸಿದವರಿಗೆ ಲಾಭದ ಪ್ರಮಾಣ ಹೆಚ್ಚಾಗಿಯೂ ದೊಡ್ಡ ಮೊತ್ತದವರಿಗೆ ಕಡಿಮೆಯಾಗಿಯೂ ಇತ್ತು. ಇಂದಿನ ಹಣಕಾಸಿನ ವಿದ್ಯಾರ್ಥಿಯೊಬ್ಬ ಕುಳಿತು ಅಧ್ಯಯನ ಮಾಡಬಹುದಾದ ಯೋಜನೆ ಅದು. ನಮ್ಮ ಮಕ್ಕಳು ಗುಂಬಝ್‌ಗೆ ಹೋಗಿ ಫೋಟೊ ತೆಗೆದುಕೊಳ್ಳುತ್ತಾರೆ. ಈ ವಿಷಯವನ್ನು ಅವರಿಗೆ ಯಾರು ಹೇಳುತ್ತಾರೆ?

ಕರಾವಳಿಯತ್ತ ನೋಡಿದರೆ, 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರರ ಮುಂದಾಳತ್ವದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಆರಂಭವಾಯಿತು. 5,000 ರೂಪಾಯಿ ಬಂಡವಾಳದ ಆ ಸಂಸ್ಥೆಯಲ್ಲಿ ಮೊದಲ ದಿನದ ಕೊನೆಗೆ ಇದ್ದ ಹಣ 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಬೆಳೆದು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಬಡ್ಡಿ ಆಧಾರಿತ ಬ್ಯಾಂಕಿಂಗ್ ಕುರಿತು ನಮಗಿರುವ ಧಾರ್ಮಿಕ ಆಕ್ಷೇಪ ಇದರಿಂದ ಇಲ್ಲವಾಗುವುದಿಲ್ಲ. ನಾನು ಇಲ್ಲಿ ತೋರಿಸಬಯಸುವುದು ಬೇರೆ: ಜಾತಿಮತದ ಭೇದವಿಲ್ಲದೆ ಜನರಲ್ಲಿ ಉಳಿತಾಯದ ಅಭ್ಯಾಸ ಬೆಳೆಸಬೇಕೆಂದು ಒಬ್ಬ ಮುಸ್ಲಿಮ್ ವರ್ತಕರು ಊರಿನವರನ್ನೆಲ್ಲ ಒಟ್ಟುಗೂಡಿಸಿದರು, ಮತ್ತು ಆ ಲೆಕ್ಕವನ್ನು ಪೈಸೆಯ ತನಕ ಇಟ್ಟಿದ್ದರಿಂದ ಒಂದು ಶತಮಾನದ ನಂತರವೂ ನಾವು ಅದನ್ನು ಹೇಳಬಲ್ಲೆವು. ನಮ್ಮಲ್ಲಿ ಎಷ್ಟು ಜಮಾಅತ್‌ಗಳು ಹತ್ತು ವರ್ಷದ ಹಿಂದಿನ ಲೆಕ್ಕವನ್ನು ತೋರಿಸಬಲ್ಲವು?

ಅರಿಯದವರು ತೆತ್ತ ಬೆಲೆ

2019ರ ಜೂನ್‌ನಲ್ಲಿ ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ ಸಂಸ್ಥೆಯ ಬಾಗಿಲು ಮುಚ್ಚಿದ್ದನ್ನು ಯಾರೂ ಮರೆತಿಲ್ಲ. ಹಲಾಲ್ ಹೂಡಿಕೆಯ ಹೆಸರಿನಲ್ಲಿ ಹಣವಿಟ್ಟ ಹತ್ತಾರು ಸಾವಿರ ಜನ ಬೀದಿಗೆ ಬಂದರು. ಅವರಲ್ಲಿ ಬಹುಪಾಲು ನಮ್ಮ ಸಮುದಾಯದವರೇ. ಮಗಳ ಮದುವೆಗೆಂದು ಇಟ್ಟದ್ದು, ಹಜ್‌ಗೆಂದು ಕೂಡಿಟ್ಟದ್ದು, ನಿವೃತ್ತಿಯಲ್ಲಿ ಬಂದದ್ದು ಎಲ್ಲವೂ ಅದರಲ್ಲಿ ಸೇರಿತ್ತು. ತನಿಖೆ ಸಿಬಿಐಗೆ ಹೋಯಿತು. ಠೇವಣಿದಾರರ ಹಿತರಕ್ಷಣೆಗಾಗಿ 2004ರಲ್ಲಿ ಮಾಡಿದ ರಾಜ್ಯದ ಕಾಯ್ದೆಯಡಿ ಆಸ್ತಿಗಳನ್ನು ಜಪ್ತಿ ಮಾಡಲಾಯಿತು.

ಅಂದು ನಮ್ಮ ಜನರಿಗೆ ಬಡ್ಡಿಯ ಭಯ ಕಡಿಮೆಯಿರಲಿಲ್ಲ. ಬಡ್ಡಿಯನ್ನು ತಪ್ಪಿಸಬೇಕೆಂದೇ ಅಲ್ಲಿಗೆ ಹೋದವರು ಅವರು. ಕಡಿಮೆಯಿದ್ದದ್ದು ಅರಿವು. ಯಾವ ವ್ಯಾಪಾರವು ತಿಂಗಳು ತಿಂಗಳು ತಪ್ಪದೆ ಇಷ್ಟು ಲಾಭ ಕೊಡುತ್ತದೆ? ಕಂಪನಿಯ ಆಸ್ತಿ ಹೊಣೆಗಾರಿಕೆ ಪಟ್ಟಿ ಎಲ್ಲಿದೆ? ಲೆಕ್ಕಪರಿಶೋಧಕರ ವರದಿ ಏನು ಹೇಳುತ್ತದೆ? ಲಾಭವೆಂದು ಕೊಡುತ್ತಿರುವುದು ನಿಜವಾದ ಲಾಭವೋ, ಹೊಸಬರು ತಂದ ಹಣವೋ? ಇವು ಬಿ.ಕಾಂ. ವಿದ್ಯಾರ್ಥಿಯೊಬ್ಬ ಕೇಳಬಲ್ಲ ಪ್ರಶ್ನೆಗಳು. ಪ್ರತಿ ಮೊಹಲ್ಲಾದಲ್ಲಿ ಇಂತಹ ಪ್ರಶ್ನೆ ಕೇಳುವ ಒಬ್ಬನಿದ್ದಿದ್ದರೆ, ಅವನ ಮಾತನ್ನು ಕೇಳುವ ನಾಲ್ವರು ಹಿರಿಯರಿದ್ದಿದ್ದರೆ, ಎಷ್ಟೋ ಮನೆಗಳು ಉಳಿಯುತ್ತಿದ್ದವು. ಗಡ್ಡವನ್ನು ನೋಡಿ ನಂಬಿದೆವು, ಲೆಕ್ಕವನ್ನು ಕೇಳಲಿಲ್ಲ. ಯೂಸುಫ್(ಅ)ರವರು ಹೇಳಿದ ಎರಡು ಅರ್ಹತೆಗಳಲ್ಲಿ ಒಂದರ ವೇಷವನ್ನು ಕಂಡು ಮೋಸಹೋದೆವು, ಇನ್ನೊಂದನ್ನು ಪರೀಕ್ಷಿಸಲಿಲ್ಲ.

ನಮ್ಮ ತಾಲ್ಲೂಕುಗಳ ಸ್ಥಿತಿಯನ್ನೂ ನೋಡಿ. ಮೈಕ್ರೋ ಫೈನಾನ್ಸ್ ಸಾಲದ ವಸೂಲಿ ಕಿರುಕುಳವು ಎಷ್ಟು ಬೆಳೆಯಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಾರದ ಕಂತು ಕಟ್ಟುವ ತಾಯಂದಿರು ನಮ್ಮ ಗಲ್ಲಿಗಳಲ್ಲೂ ಇದ್ದಾರೆ. ಸಹಿ ಹಾಕುವ ಮುನ್ನ ಆ ಕಾಗದವನ್ನು ಓದಿ, “ಅಮ್ಮಿ, ಇದರಲ್ಲಿ ವರ್ಷಕ್ಕೆ ಇಷ್ಟು ಬಡ್ಡಿ ಬೀಳುತ್ತದೆ, ಬೇಡ” ಎಂದು ಹೇಳುವ ಒಬ್ಬ ಮಗಳು ಎಷ್ಟು ಮನೆಗಳಲ್ಲಿದ್ದಾಳೆ? ಬಡ್ಡಿಯನ್ನು ಅಳೆಯಲು ಬಾರದವನು ಬಡ್ಡಿಯಿಂದ ತಪ್ಪಿಸಿಕೊಳ್ಳುವುದು ಹೇಗೆ?

ಆದುದರಿಂದ ನನ್ನ ಅಭಿಪ್ರಾಯ ಇದು: ಹಣಕಾಸಿನ ವಿದ್ಯೆಯನ್ನು ಸಮುದಾಯದಲ್ಲಿ ಕೆಲವರಾದರೂ ಕಲಿಯುವುದು ನಮ್ಮೆಲ್ಲರ ಮೇಲಿರುವ ಸಾಮೂಹಿಕ ಹೊಣೆ. ವೈದ್ಯರಿಲ್ಲದ ಊರಿನಲ್ಲಿ ಎಲ್ಲರೂ ತಪ್ಪಿತಸ್ಥರಾಗುವಂತೆ, ಲೆಕ್ಕ ಬಲ್ಲವರಿಲ್ಲದ ಜಮಾಅತ್‌ನಲ್ಲೂ ಎಲ್ಲರೂ ಹೊಣೆಗಾರರಾಗುತ್ತಾರೆ.

ಹಾಗಾದರೆ ಯಾವ ಪದವಿ?

ಈ ವಿಷಯದಲ್ಲಿ ನಾನು ಕಾಲೇಜಿನ ಅಧ್ಯಾಪಕರನ್ನೂ, ಈ ವೃತ್ತಿಯಲ್ಲಿರುವ ನಮ್ಮ ಕೆಲವು ಯುವಕರನ್ನೂ ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಯ್ಕೆ ಆರಂಭವಾಗುವುದು ಎಸ್ಎಸ್ಎಲ್‌ಸಿ ನಂತರವೇ. ಪಿಯುಸಿ ವಾಣಿಜ್ಯದಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಮತ್ತು ಲೆಕ್ಕಶಾಸ್ತ್ರದ ಜೊತೆಗೆ ನಾಲ್ಕನೆಯ ವಿಷಯವಾಗಿ ಇತಿಹಾಸವನ್ನೋ, ಸಂಖ್ಯಾಶಾಸ್ತ್ರವನ್ನೋ, ಗಣಕವಿಜ್ಞಾನವನ್ನೋ, ಮೂಲಗಣಿತವನ್ನೋ ಆಯಾ ಕಾಲೇಜಿನಲ್ಲಿರುವಂತೆ ತೆಗೆದುಕೊಳ್ಳುತ್ತಾರೆ. ನಮ್ಮ ಮಕ್ಕಳು ಗಣಿತದ ಭಯದಿಂದ ಇತಿಹಾಸದತ್ತ ಓಡುತ್ತಾರೆ. ಇತಿಹಾಸ ಒಳ್ಳೆಯ ವಿಷಯವೇ. ಆದರೆ ಹಣಕಾಸಿನಲ್ಲಿ ಮುಂದೆ ಹೋಗುವ ಗುರಿಯಿದ್ದರೆ ಸಂಖ್ಯಾಶಾಸ್ತ್ರ ಅಥವಾ ಗಣಿತವಿರುವ ಸಂಯೋಜನೆಯನ್ನೇ ಆರಿಸಿಕೊಳ್ಳಿ.

ಪದವಿಯ ಹಂತದಲ್ಲಿ ಬಿ.ಕಾಂ. ಈ ಕ್ಷೇತ್ರಕ್ಕೆ ಹೆಬ್ಬಾಗಿಲು. ಹಣಕಾಸು ಲೆಕ್ಕ, ವೆಚ್ಚದ ಲೆಕ್ಕ, ಆದಾಯ ತೆರಿಗೆ, ಜಿಎಸ್‌ಟಿ, ಕಂಪನಿ ಕಾನೂನು, ಲೆಕ್ಕಪರಿಶೋಧನೆ ಇವು ಅದರ ಮುಖ್ಯ ವಿಷಯಗಳು. ಲೆಕ್ಕ, ತೆರಿಗೆ ಮತ್ತು ಆಡಿಟ್ ಕೆಲಸ ಬೇಕೆನ್ನುವವರು ಬೇರೆ ಯೋಚನೆಯನ್ನೇ ಮಾಡಬೇಕಾಗಿಲ್ಲ. ಬಿಬಿಎಯಲ್ಲಿ ಒತ್ತು ಇರುವುದು ವ್ಯವಹಾರ ನಿರ್ವಹಣೆಗೆ. ತಂದೆಯ ವ್ಯಾಪಾರವನ್ನು ಬೆಳೆಸಬೇಕೆನ್ನುವವರಿಗೆ, ಎಂಬಿಎ ಮಾಡಬೇಕೆನ್ನುವವರಿಗೆ ಅದು ಸೂಕ್ತ. ಆದರೆ ಲೆಕ್ಕಶಾಸ್ತ್ರದ ಆಳ ಬಿ.ಕಾಂ.ನಷ್ಟು ಸಿಗುವುದಿಲ್ಲ. ಅರ್ಥಶಾಸ್ತ್ರದ ಬಿ.ಎ. ಪದವಿಯನ್ನು ಎಂ.ಎ.ವರೆಗೆ ಓದುವ ಸಿದ್ಧತೆಯಿದ್ದರೆ ಮಾತ್ರ ತೆಗೆದುಕೊಳ್ಳಿ. ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ಗಣಿತ ಮತ್ತು ಸಂಖ್ಯಾಶಾಸ್ತ್ರದ ಬಿ.ಎಸ್ಸಿ. ಓದಿದವರಿಗೆ ಅಪಾಯ ಅಳೆಯುವ, ದತ್ತಾಂಶ ವಿಶ್ಲೇಷಿಸುವ ಕೆಲಸಗಳ ದಾರಿ ತೆರೆಯುತ್ತದೆ. ನಮ್ಮವರು ತೀರ ಕಡಿಮೆ ಹೋಗುವ ದಾರಿ ಅದು.

ಇನ್ನು ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ನನ್ನಂತೆ ಕನ್ನಡದಲ್ಲಿ ಬಿ.ಎ. ಮಾಡಿದವನೂ ವಯೋಮಿತಿಯೊಳಗಿದ್ದರೆ ಬರೆಯಬಹುದು! ಆದುದರಿಂದ “ಬಿ.ಕಾಂ. ಎಂದರೆ ಬ್ಯಾಂಕು” ಎಂಬ ದೊಡ್ಡಪ್ಪನವರ ಸಮೀಕರಣವೇ ಸರಿಯಲ್ಲ. ಬಿ.ಎ. ಓದಿದವರೂ ಬ್ಯಾಂಕಿಗೆ ಹೋಗುತ್ತಾರೆ, ಬಿ.ಕಾಂ. ಓದಿದ ಬಹಳ ಮಂದಿ ಬ್ಯಾಂಕಿನ ಮೆಟ್ಟಿಲನ್ನೂ ಹತ್ತದೆ ದುಡಿಯುತ್ತಿದ್ದಾರೆ.

ಪದವಿಯ ಜೊತೆಗೋ ನಂತರವೋ ಮಾಡಬಹುದಾದ ವೃತ್ತಿಪರ ಕೋರ್ಸುಗಳು ಇನ್ನೂ ಮುಖ್ಯ. 1949ರ ಕಾಯ್ದೆಯಡಿ ಸ್ಥಾಪಿತವಾದ ಲೆಕ್ಕಪರಿಶೋಧಕರ ಸಂಸ್ಥೆ ನಡೆಸುವ ಸಿಎ ಪರೀಕ್ಷೆಗೆ ದ್ವಿತೀಯ ಪಿಯುಸಿ ನಂತರ ಫೌಂಡೇಶನ್ ಮೂಲಕ ಹೋಗಬಹುದು. ಪದವಿಯ ನಂತರವಾದರೆ ವಾಣಿಜ್ಯ ಪದವೀಧರರು ಶೇ. 55, ಇತರರು ಶೇ. 60 ಅಂಕಗಳೊಂದಿಗೆ ಫೌಂಡೇಶನ್ ಇಲ್ಲದೆ ನೇರವಾಗಿ ಇಂಟರ್‌ಮೀಡಿಯೇಟ್ ಸೇರಬಹುದು. ಮೊದಲು ಮೂರು ವರ್ಷವಿದ್ದ ಆರ್ಟಿಕಲ್‌ಶಿಪ್ ತರಬೇತಿಯು ಹೊಸ ಪದ್ಧತಿಯಲ್ಲಿ ಎರಡು ವರ್ಷಕ್ಕೆ ಇಳಿದಿದೆ, ಆ ಅವಧಿಯಲ್ಲಿ ಸ್ಟೈಪೆಂಡ್ ಕೂಡ ಸಿಗುತ್ತದೆ. ಲಕ್ಷಾಂತರ ರೂಪಾಯಿ ಡೊನೇಶನ್ ಕೇಳದ ವೃತ್ತಿಪರ ಶಿಕ್ಷಣ ಇದು. ಪರೀಕ್ಷೆ ಮಾತ್ರ ಕಠಿಣ. ಪ್ರತಿ ಪತ್ರಿಕೆಯಲ್ಲಿ ಶೇ. 40, ಒಟ್ಟಾರೆ ಶೇ. 50 ಬೇಕು. ಎರಡು ಮೂರು ಬಾರಿ ಬರೆಯುವ ಸಹನೆ ಮನೆಯವರಿಗೂ ಇರಬೇಕು.

ವೆಚ್ಚ ಲೆಕ್ಕಪರಿಣತರ ಸಿಎಂಎ ಕೋರ್ಸನ್ನು ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕು. ಸಕ್ಕರೆ ಉದ್ಯಮವು ವೆಚ್ಚದ ದಾಖಲೆಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಮಂಡ್ಯ ಜಿಲ್ಲೆ ಕಬ್ಬಿನ ಜಿಲ್ಲೆ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಷ್ಟದಿಂದ ವರ್ಷಗಟ್ಟಲೆ ನಿಂತು, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಕಾರ್ಖಾನೆಯ ಲೆಕ್ಕ ಕೆಟ್ಟರೆ ಕಬ್ಬು ಬೆಳೆದ ರೈತ, ಗಾಡಿ ಹೊಡೆಯುವವನು, ಗ್ಯಾರೇಜಿನವನು, ಕೊನೆಗೆ ಬೇಕರಿಯವನ ತನಕ ಎಲ್ಲರ ಒಲೆಯೂ ಆರುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಸಿಎ ಪರೀಕ್ಷೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ನಡೆಯುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಪಿಯುಸಿಯಿಂದಲೇ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಓದನ್ನು ರೂಢಿಸಿಕೊಳ್ಳಬೇಕು. ಇಂಗ್ಲಿಷ್ ಬಾರದೆಂದು ಆಸೆಯನ್ನು ಬಿಡುವುದು ಬೇಡ. ಅರಬಿಯ ವ್ಯಾಕರಣವನ್ನು ಕಲಿತ ಮಕ್ಕಳಿಗೆ ಇನ್ನೊಂದು ಭಾಷೆ ಹೊರೆಯಾಗದು.

ದೂರದ ಭಯ ಬೇಡ. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿಗೂ ಮಂಡ್ಯಕ್ಕೂ ರೈಲಿದೆ. ಮೈಸೂರಿನಲ್ಲಿ ಲೆಕ್ಕಪರಿಶೋಧಕರ ಸಂಸ್ಥೆಯ ಶಾಖೆಯೂ ಇದೆ. ಕೆ.ಆರ್.ಪೇಟೆ, ನಾಗಮಂಗಲದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ವಿವರವನ್ನು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿ ಪಡೆಯಿರಿ.

ಉದ್ಯೋಗದ ಗಡಿಗಳು

ಓದು ಬೇರೆ, ಉದ್ಯೋಗ ಬೇರೆ. ಓದುವಾಗ ಬಡ್ಡಿಯ ಲೆಕ್ಕ ಮಾಡುವ ಪಾಠ ಬರುತ್ತದೆ. ವಿಷವನ್ನು ಓದದೆ ವೈದ್ಯನಾಗಲು ಸಾಧ್ಯವಿಲ್ಲ. ಉದ್ಯೋಗವನ್ನು ಆರಿಸುವಾಗ ಮಾತ್ರ ಗಡಿಗಳನ್ನು ನೋಡಬೇಕು.

ವ್ಯಾಪಾರ ಸಂಸ್ಥೆಗಳ ಲೆಕ್ಕ, ಸಂಬಳದ ಪಟ್ಟಿ, ತೆರಿಗೆ ಸಲಹೆ, ಜಿಎಸ್‌ಟಿ, ವೆಚ್ಚದ ಲೆಕ್ಕ, ಸರ್ಕಾರದ ಖಜಾನೆ ಮತ್ತು ಲೆಕ್ಕಪತ್ರ ಇಲಾಖೆ, ಆಸ್ಪತ್ರೆ ಹಾಗೂ ಶಾಲೆಗಳ ಹಣಕಾಸು ವಿಭಾಗ, ಕಾಲೇಜಿನಲ್ಲಿ ವಾಣಿಜ್ಯ ಬೋಧನೆ ಇವೆಲ್ಲ ವಿಶಾಲವಾದ ಮೈದಾನ. ಇಲ್ಲಿ ದುಡಿಯಲು ಒಂದು ಜೀವಮಾನ ಸಾಲದು. ಲೆಕ್ಕಪರಿಶೋಧಕನು ನಡೆದದ್ದನ್ನು ಪರೀಕ್ಷಿಸಿ ಸತ್ಯವನ್ನು ಹೇಳುವವನು, ಬಡ್ಡಿಯ ಕರಾರನ್ನು ಬರೆದುಕೊಡುವವನಲ್ಲ ಎಂಬುದು ನನ್ನ ತಿಳಿವಳಿಕೆ. ಇನ್ನೂ ಕಟ್ಟುನಿಟ್ಟಾಗಿ ಹೇಳುವ ವಿದ್ವಾಂಸರೂ ಇದ್ದಾರೆ. ವಿಮೆ, ಷೇರು ವಿಶ್ಲೇಷಣೆ, ಬ್ಯಾಂಕುಗಳಿಗೆ ತಂತ್ರಾಂಶ ತಯಾರಿಸುವ ಕೆಲಸಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ನಿಮಗೆ ನಂಬಿಕೆಯಿರುವ ಮುಫ್ತಿಯವರಲ್ಲಿ ಕೆಲಸದ ಸ್ವರೂಪವನ್ನು ಪೂರ್ತಿಯಾಗಿ ವಿವರಿಸಿ ಕೇಳಿ. “ಫೈನಾನ್ಸ್ ಕೆಲಸ ಆಗುತ್ತದೆಯೇ?” ಎಂದು ಒಂದೇ ಮಾತಿನಲ್ಲಿ ಕೇಳಿದರೆ ಉತ್ತರವೂ ಒಂದೇ ಮಾತಿನಲ್ಲಿ ಬರುತ್ತದೆ. ಬಡ್ಡಿಗೆ ಸಾಲ ಕೊಡುವ, ಅದರ ಕರಾರು ಬರೆಯುವ, ಅದನ್ನು ವಸೂಲು ಮಾಡುವ ಕೆಲಸದಿಂದ ದೂರವಿರಿ ಎಂದೇ ನಾನು ಹೇಳುತ್ತೇನೆ. ಈಗಾಗಲೇ ಅಲ್ಲಿದ್ದು ಮನೆಯ ಭಾರ ಹೊತ್ತಿರುವ ಸಹೋದರ ಸಹೋದರಿಯರನ್ನು ಮದುವೆ ಮನೆಗಳಲ್ಲಿ ಚುಚ್ಚಿ ಮಾತನಾಡುವುದು ಮಾತ್ರ ದೀನ್ ಅಲ್ಲ. ಅವರಿಗೆ ಬೇರೆ ದಾರಿ ತೋರಿಸಬಲ್ಲವರು ತೋರಿಸಲಿ, ಆಗದವರು ದುಆ ಮಾಡಲಿ.

ಇಸ್ಲಾಮೀ ಹಣಕಾಸಿನ ಕೋರ್ಸು ಮಾಡಲೇ ಎಂದು ಕೆಲವು ಯುವಕರು ಕೇಳುತ್ತಾರೆ. ಜಗತ್ತಿನಲ್ಲಿ ಆ ಕ್ಷೇತ್ರ ಬೆಳೆದಿದೆ. ಅದರ ಲೆಕ್ಕದ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಬಹರೈನ್‌ನಲ್ಲಿದೆ, 2002ರಲ್ಲಿ ಸ್ಥಾಪನೆಯಾದ ಇನ್ನೊಂದು ಸಂಸ್ಥೆ ಕೌಲಾಲಂಪುರದಲ್ಲಿದೆ. ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಂಗ್ ಕುರಿತು 2008ರಲ್ಲಿ ರಘುರಾಮ್ ರಾಜನ್ ಸಮಿತಿ ಪ್ರಸ್ತಾಪಿಸಿತ್ತಾದರೂ ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಆದುದರಿಂದ ಇಲ್ಲಿ ಅದೊಂದನ್ನೇ ನಂಬಿ ದುಬಾರಿ ಸರ್ಟಿಫಿಕೇಟ್‌ಗಳಿಗೆ ಹಣ ಸುರಿಯಬೇಡಿ. ಮೊದಲು ಲೆಕ್ಕಶಾಸ್ತ್ರದ ಬುನಾದಿ, ಅದರ ಮೇಲೆ ಬೇಕಾದರೆ ಆ ಕೋರ್ಸು.

ಜಮಾಅತ್‌ಗಳಲ್ಲಿ ಒಂದು ವಿನಂತಿ

ಈ ಮಕ್ಕಳಿಗೆ ಕೆಲಸ ಕಲಿಯುವ ಮೊದಲ ಸ್ಥಳವನ್ನು ನಾವೇ ಒದಗಿಸಬಹುದು. ಮಸೀದಿಯ ಚಂದಾ, ಅಂಗಡಿ ಬಾಡಿಗೆ, ಝಕಾತ್, ಫಿತ್ರ್, ಮದ್ರಸದ ಖರ್ಚು ಎಲ್ಲವೂ ಲೆಕ್ಕವೇ. ವಕ್ಫ್ ಸಂಸ್ಥೆಗಳು ಮಂಡಳಿಗೆ ವರ್ಷವರ್ಷ ಲೆಕ್ಕ ಒಪ್ಪಿಸಲೇಬೇಕು. ಹಲವೆಡೆ ಇದು ಕಾರ್ಯದರ್ಶಿಯ ಹಳೆಯ ಡೈರಿಯಲ್ಲಿ, ಕೆಲವೆಡೆ ಅವರ ನೆನಪಿನಲ್ಲಿ ಮಾತ್ರ ಇದೆ. ಅವರು ಪ್ರಾಮಾಣಿಕರೇ ಆಗಿರುತ್ತಾರೆ. ಆದರೆ ಬರೆದಿಡದ ಪ್ರಾಮಾಣಿಕತೆಗೆ ಸಾಕ್ಷಿ ಇರುವುದಿಲ್ಲ, ಅವರು ತೀರಿಕೊಂಡ ಮೇಲೆ ಜಗಳವಷ್ಟೇ ಉಳಿಯುತ್ತದೆ. ಪ್ರತಿ ಮಸೀದಿಯೂ ತನ್ನ ಮೊಹಲ್ಲಾದ ಒಬ್ಬ ವಾಣಿಜ್ಯ ವಿದ್ಯಾರ್ಥಿಗೆ, ಅಥವಾ ಮನೆಯಿಂದಲೇ ಮಾಡಬಲ್ಲ ವಿದ್ಯಾರ್ಥಿನಿಗೆ, ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಕೆಲಸವನ್ನು ಸಣ್ಣ ಸಂಭಾವನೆಯೊಂದಿಗೆ ಕೊಡಲಿ. ತಿಂಗಳ ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಚ್ಚಲಿ. ಮಗುವಿಗೆ ಅನುಭವವಾಯಿತು, ಮಸೀದಿಗೆ ಪಾರದರ್ಶಕತೆ ಬಂತು, ಕುರ್‌ಆನಿನ ಆಜ್ಞೆಯೂ ಪಾಲನೆಯಾಯಿತು.

ಆ ಜುಮಾ ದಿನ ಪಾಂಡವಪುರದ ಸಹೋದರರಿಗೆ ನಾನು ಹೇಳಿದ್ದು ಇಷ್ಟೇ: “ಭಾಯಿ, ಮಗಳನ್ನು ಬಿ.ಕಾಂ.ಗೆ ಸೇರಿಸಿ. ದೊಡ್ಡಪ್ಪನವರನ್ನು ನಾನೇ ಬಂದು ಕಂಡು ಮಾತನಾಡುತ್ತೇನೆ. ಉದ್ಯೋಗ ಆರಿಸುವ ಕಾಲ ಬಂದಾಗ ಆಕೆಯನ್ನೂ ಕೂರಿಸಿಕೊಂಡು ಮತ್ತೆ ಮಾತನಾಡೋಣ.” ಮುಂದಿನ ವಾರ ಹೋದೆ. ದೊಡ್ಡಪ್ಪನವರು ಒಂದು ತಾಸು ವಾದಿಸಿದರು. ಕೊನೆಗೆ 282ನೇ ಸೂಕ್ತದ ಅರ್ಥವನ್ನು ಎರಡು ಬಾರಿ ಓದಿಸಿ ಕೇಳಿ ಸುಮ್ಮನಾದರು. ಪೂರ್ತಿ ಒಪ್ಪಿದರೆಂದು ಹೇಳಲಾರೆ. ಆದರೆ ಹೊರಡುವಾಗ ಮಗುವನ್ನು ಕರೆದು, “ಮೊದಲು ನಿನ್ನ ಅಬ್ಬಾನ ಗ್ಯಾರೇಜಿನ ಉದ್ರಿ ಪುಸ್ತಕ ಸರಿಮಾಡು, ನೋಡೋಣ” ಎಂದರು. ಆಕೆ ಈಗ ಅದನ್ನೇ ಮಾಡುತ್ತಿದ್ದಾಳೆ.

ನನ್ನ ಹಾರ್ಡ್‌ವೇರ್ ಅಂಗಡಿಯ ಶಿಷ್ಯನಲ್ಲೂ ಹೋಗಿ ಕ್ಷಮೆ ಕೇಳಿದೆ. ಆತ ನಕ್ಕು ಚಹಾ ತರಿಸಿ, “ಹಜರತ್, ನನ್ನ ಮಗ ಈಗ ಎಂಟನೇ ತರಗತಿ. ಅವನಿಗಾದರೂ ಸರಿಯಾಗಿ ಹೇಳಿ” ಎಂದನು. ಇನ್‌ಶಾ ಅಲ್ಲಾಹ್, ಹೇಳುತ್ತೇನೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿಯಾದ ಜ್ಞಾನವನ್ನೂ, ಹಲಾಲ್ ಸಂಪಾದನೆಯನ್ನೂ, ಅಮಾನತ್ತನ್ನು ಕಾಪಾಡುವ ಕೈಗಳನ್ನೂ ಅನುಗ್ರಹಿಸಲಿ. ತಿಳಿಯದೆ ತೀರ್ಪು ಕೊಡುವ ನಮ್ಮ ತಪ್ಪುಗಳನ್ನು ಮನ್ನಿಸಲಿ. ಆಮೀನ್.